ಅಂಬಾಸಿಡರ್ ಎಂಜಿನ್ ಮನೆಯಲ್ಲೇ ಬಿಚ್ಚುವವರಿಗೆ: ಎತ್ತುವ, ನಿಲ್ಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರಪಾಡದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಅಪ್ಪನ ಕಾಲದ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಪೋರ್ಟಿಕೋದಲ್ಲೇ ಉಳಿಸಿಕೊಂಡವರು ನಮ್ಮಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಸಿಲಿಂಡರಿನ ಬೋರ್ ಸವೆದು ನೀಲಿ ಹೊಗೆ ಬಿಡುವ ಎಂಜಿನ್ನನ್ನು ತಾವೇ ಬಿಚ್ಚಿ ಕಟ್ಟಬೇಕೆಂಬ ಆಸೆಯೂ ಇವರಿಗಿರುತ್ತದೆ. ರಿಂಗು, ಬೇರಿಂಗು, ವಾಲ್ವುಗಳ ಬಗ್ಗೆ ಹೇಳಿಕೊಡುವ ಮೇಸ್ತ್ರಿಗಳು ಸಿಗುತ್ತಾರೆ. ಆದರೆ ಕಾಲು ಜಜ್ಜುವುದು, ಬೆರಳು ಹೋಗುವುದು ಆ ಕೆಲಸದಲ್ಲಲ್ಲ. ಎಂಜಿನ್ ಎತ್ತುವಾಗ, ಇಳಿಸುವಾಗ, ತಿರುಗಿಸುವಾಗ. ಆದ್ದರಿಂದ ಇಲ್ಲಿ ಭಾರ ಹೊರುವ ವಿಷಯ ಮಾತ್ರ ಇದೆ. ಉದಾಹರಣೆಗಳೆಲ್ಲ 1489 ಸಿಸಿಯ ಹಳೆಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಪೆಟ್ರೋಲ್ ಎಂಜಿನ್ನಿನವು.

## ಕೈ ಹಾಕುವ ಮುನ್ನ

"ಸಾರ್, ಅಂಬಾಸಿಡರ್ ಎಂಜಿನ್ ತೂಕ ಎಷ್ಟು? ನಾಲ್ಕು ಜನ ಗಟ್ಟಿಮುಟ್ಟಾದ ಹುಡುಗರಿದ್ದರೆ ಎತ್ತೋಕೆ ಆಗಲ್ವಾ?"

ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಎಂಜಿನ್ ಒಂದೇ 150 ಕೆಜಿಯ ಆಸುಪಾಸು ಇರುತ್ತದೆ. ಗೇರ್‌ಬಾಕ್ಸ್ ಸಮೇತ ತೆಗೆಯುವುದಾದರೆ 200 ಕೆಜಿ ಎಂದೇ ಲೆಕ್ಕ ಹಿಡಿಯಿರಿ. ಕೊಳ್ಳುವ ಅಥವಾ ಬಾಡಿಗೆಗೆ ತರುವ ಸಾಮಾನು ಕನಿಷ್ಠ 500 ಕೆಜಿಯದ್ದಾಗಿರಲಿ.

ನಾಲ್ಕು ಜನ ಸೇರಿದರೆ ನೆಲದ ಮೇಲಿನ 150 ಕೆಜಿ ಎತ್ತಬಹುದು, ನಿಜ. ಆದರೆ ಬಾನೆಟ್ ತೆಗೆದ ಗಾಡಿಯ ಎರಡೂ ಕಡೆ ಮಡ್‌ಗಾರ್ಡುಗಳಿವೆ. ಅವುಗಳ ಮೇಲೆ ಬಾಗಿ, ಕೈ ಚಾಚಿ ಎತ್ತುವಾಗ ಭಾರವೆಲ್ಲ ಸೊಂಟಕ್ಕೆ ಬೀಳುತ್ತದೆ. ಒಬ್ಬನ ಕೈ ಜಾರಿದರೆ ಉಳಿದ ಮೂವರ ಬೆರಳು ಗಾಡಿಯ ಅಡ್ಡತೊಲೆಯಾದ ಕ್ರಾಸ್‌ಮೆಂಬರ್ ಮತ್ತು ಎಂಜಿನ್ ನಡುವೆ ಇರುತ್ತವೆ. ಬೇಡ.

"ಮೊಟ್ಟಮೊದಲು ಏನು ರೆಡಿ ಮಾಡಿಕೊಳ್ಳಬೇಕು?"

ಇಳಿಸುವ ಜಾಗ. ಎತ್ತುವ ಚೈನಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಎಂಜಿನ್ ಗಾಳಿಯಲ್ಲಿ ತೂಗುತ್ತಿರುವಾಗ "ಮರದ ತುಂಡು ಎಲ್ಲಿಟ್ಟೆ?" ಎಂದು ಹುಡುಕಾಟ ಶುರುವಾಗುತ್ತದೆ. ಎಂಜಿನ್ ಕೂರುವ ಮರದ ಚೌಕಟ್ಟೋ, ಎಂಜಿನ್ನಿನ ಹಿಂದಿನ ಮುಖಕ್ಕೆ ಬೋಲ್ಟಾಗುವ ಚಕ್ರದ ಸ್ಟ್ಯಾಂಡೋ ಸಿದ್ಧವಾಗಿ, ಅದರ ಬೋಲ್ಟುಗಳನ್ನು ಒಮ್ಮೆ ಹಾಕಿ ನೋಡಿದ ಮೇಲೆಯೇ ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಫೌಂಡೇಶನ್ ಬೋಲ್ಟಿಗೆ ಪಾನಾ ಹಾಕಿ.

"ನಮ್ಮ ಪೋರ್ಟಿಕೋ ನೆಲ ಸಾಕಾಗುತ್ತಾ?"

ಕಾಂಕ್ರೀಟ್ ನೆಲವಾದರೆ ಸಾಕು. ಗಮನಿಸಬೇಕಾದ್ದು ಇಳಿಜಾರನ್ನು. ಮಳೆನೀರು ಹೊರಗೆ ಹರಿಯಲೆಂದು ನಮ್ಮ ಪೋರ್ಟಿಕೋಗಳನ್ನು ಗೇಟಿನ ಕಡೆಗೆ ಓರೆ ಮಾಡಿಯೇ ಕಟ್ಟಿರುತ್ತಾರೆ. ಕಣ್ಣಿಗೆ ಕಾಣದ ಆ ಓರೆ ಸ್ಟ್ಯಾಂಡಿನ ಚಕ್ರಗಳಿಗೆ ಗೊತ್ತಾಗುತ್ತದೆ. ಒಂದು ಗೋಲಿಯನ್ನು ನೆಲದ ಮೇಲಿಟ್ಟು ನೋಡಿ, ಅದು ಉರುಳುವ ದಿಕ್ಕಿಗೇ ಸ್ಟ್ಯಾಂಡೂ ಹೋಗುತ್ತದೆ. ಚಕ್ರಗಳಿಗೆ ಮರದ ಬೆಣೆ ಕೊಡಿ. ಚಕ್ರದ ಬ್ರೇಕ್ ಒಂದನ್ನೇ ನಂಬಬೇಡಿ. ಟೈಲ್ಸ್ ಅಥವಾ ನುಣುಪಾದ ಗ್ರಾನೈಟ್ ನೆಲವಾದರೆ ದಪ್ಪ ಪ್ಲೈವುಡ್ ಹಾಸಿ. ಬರೀ ಮಣ್ಣಿನ ಅಂಗಳದಲ್ಲಿ ಚಕ್ರದ ಯಾವ ಸಾಮಾನನ್ನೂ ಬಳಸಬೇಡಿ.

"ಗಾಡಿ ಎತ್ತರಿಸೋಕೆ ಹಾಲೋ ಬ್ಲಾಕ್ ಇಟ್ಟರೆ ಆಗುತ್ತಾ? ಮನೆ ಕಟ್ಟಿದಾಗ ಉಳಿದದ್ದು ಇದೆ."

ಆಗುವುದಿಲ್ಲ, ಯಾವ ಕಾರಣಕ್ಕೂ. ಸಿಮೆಂಟ್ ಹಾಲೋ ಬ್ಲಾಕು ಗೋಡೆಯಲ್ಲಿ ಭಾರ ಹೊರುವುದು ಸುತ್ತಲೂ ಸಮನಾಗಿ ಒತ್ತಡ ಬಿದ್ದಾಗ. ಛಾಸಿಯ ಸಣ್ಣ ಅಂಚು ಒಂದೇ ಜಾಗದಲ್ಲಿ ಕೂತರೆ ಅದು ಬಿರುಕನ್ನೂ ತೋರಿಸದೆ ಒಮ್ಮೆಗೇ ಪುಡಿಯಾಗುತ್ತದೆ. ಇಟ್ಟಿಗೆ, ಸೈಜುಗಲ್ಲು, ಚಪ್ಪಡಿ ಕೂಡ ಬೇಡ. ಪಿನ್ ಹಾಕುವ ಕಬ್ಬಿಣದ ಜ್ಯಾಕ್ ಸ್ಟ್ಯಾಂಡುಗಳನ್ನೇ ತನ್ನಿ. ಅದಿಲ್ಲದಿದ್ದರೆ ದಪ್ಪ ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದ ಅಟ್ಟಣೆ. ಜ್ಯಾಕ್ ಇರುವುದು ಎತ್ತಲಿಕ್ಕೆ ಮಾತ್ರ. ಬರೀ ಜ್ಯಾಕಿನ ಮೇಲಿರುವ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು.

## ಎತ್ತುವಾಗ

"ಆರ್‌ಸಿಸಿ ಮೋಲ್ಡಿನಲ್ಲಿ ಫ್ಯಾನ್ ಹುಕ್ ಇದೆಯಲ್ಲ, ಅದಕ್ಕೆ ಚೈನ್ ಪುಲ್ಲಿ ಹಾಕಬಹುದಾ?"

ಆ ಹುಕ್ಕು ಹಾಕಿರುವುದು ಫ್ಯಾನಿಗೆ. ಅದು ಎಷ್ಟು ಆಳಕ್ಕೆ ಹೋಗಿದೆ, ಒಳಗೆ ಕಂಬಿಗೆ ಸುತ್ತಿದ್ದಾರೋ ಬರೀ ಕಾಂಕ್ರೀಟಿಗೆ ಸಿಕ್ಕಿಸಿದ್ದಾರೋ ಹೊರಗಿನಿಂದ ನೋಡಿ ಹೇಳುವಂತಿಲ್ಲ. ತುಕ್ಕು ಹಿಡಿದಿದ್ದರೂ ತಿಳಿಯುವುದಿಲ್ಲ. ಹಂಚಿನ ಮನೆಯ ಜಂತೆ, ತೊಲೆಗಳ ಕಥೆಯೂ ಇದೇ. ಗೆದ್ದಲು ಒಳಗಿನಿಂದ ತಿಂದಿರುತ್ತದೆ, ಬಣ್ಣ ಮಾತ್ರ ಹೊರಗೆ ಚೆನ್ನಾಗಿರುತ್ತದೆ. ಮನೆಯ ಚಾವಣಿಗೆ ಎಂಜಿನ್ ತೂಗುಹಾಕುವ ಆಲೋಚನೆಯನ್ನೇ ಬಿಟ್ಟುಬಿಡಿ.

"ನಮ್ಮ ಓಣ್ಯಾಗ ಎಲ್ಲಾರೂ ಬೇವಿನ ಗಿಡಕ್ಕ ಕಟ್ಟೇ ಎತ್ತತಾರ್ರಿ. ನಾನೂ ಹಂಗ ಮಾಡ್ಲೇನ್ರಿ?"

ದಶಕಗಳಿಂದ ನಡೆದುಬಂದ ಪದ್ಧತಿ, ಅಲ್ಲಗಳೆಯುವುದಿಲ್ಲ. ಆದರೆ ಹೋದ ವರ್ಷ ತಡೆದ ಕೊಂಬೆ ಈ ವರ್ಷವೂ ತಡೆಯುತ್ತದೆ ಎಂದು ಹೇಳುವವರು ಯಾರು? ಹಸಿ ಕೊಂಬೆ ಬಾಗುತ್ತದೆ, ಆಗ ಚೈನು ಕಾಂಡದಿಂದ ದೂರ ತುದಿಯ ಕಡೆಗೆ ಜಾರುತ್ತದೆ, ಜಾರಿದಷ್ಟೂ ಕೊಂಬೆಯ ಬುಡಕ್ಕೆ ಬೀಳುವ ಹೊರೆ ಹೆಚ್ಚುತ್ತದೆ. ಒಣಕೊಂಬೆ ಬಾಗದೆಯೇ ಮುರಿಯುತ್ತದೆ. ಬೋರ್‌ವೆಲ್ ಮೋಟಾರ್ ಎತ್ತುವವರ ಬಳಿ ಕಬ್ಬಿಣದ ಪೈಪಿನ ಮುಕ್ಕಾಲಿ, ಚೈನ್ ಪುಲ್ಲಿ ಎರಡೂ ಇರುತ್ತವೆ. ಒಂದು ದಿನದ ಮಟ್ಟಿಗೆ ಅವರನ್ನೇ ಕೇಳಿ, ಮರದ ಹಂಗೇ ಬೇಡ.

"ಮುಕ್ಕಾಲಿ ಸಿಕ್ಕಿದೆ. ಬಳಸುವಾಗ ಯಾವುದಕ್ಕೆ ಹೆದರಬೇಕು?"

ಕಾಲುಗಳು ಹೊರಕ್ಕೆ ಜಾರುವುದಕ್ಕೆ. ಮೇಲಿನಿಂದ ಭಾರ ಬಿದ್ದಾಗ ಪ್ರತಿ ಕಾಲೂ ಹೊರಗಡೆಗೆ ಒತ್ತುತ್ತದೆ. ಮಣ್ಣಿನಲ್ಲಾದರೆ ಕಾಲು ನೆಟ್ಟಿರುತ್ತದೆ, ಕಡಪ ಕಲ್ಲಿನ ಮೇಲೆ ಸರ್ರನೆ ಜಾರುತ್ತದೆ. ಮೂರೂ ಕಾಲುಗಳ ಬುಡವನ್ನು ಒಂದಕ್ಕೊಂದು ಚೈನಿನಿಂದ ಬಿಗಿದು ತ್ರಿಕೋನ ಮಾಡಿ. ನಾಯಿ ಕಟ್ಟುವ ಚೈನಲ್ಲ, ದಪ್ಪನೆಯದು.

ಇನ್ನೊಂದು ವಿಷಯವನ್ನು ಚಿತ್ರದಂತೆ ಮನಸ್ಸಿನಲ್ಲಿಟ್ಟುಕೊಳ್ಳಿ. ಮುಕ್ಕಾಲಿಯಡಿ ತೂಗುವ ಎಂಜಿನ್ನನ್ನು ಪಕ್ಕಕ್ಕೆ ಎಳೆಯಬಾರದು. ಎಳೆದರೆ ಭಾರ ಒಂದೇ ಕಾಲಿನತ್ತ ವಾಲಿ, ಎದುರಿನ ಕಾಲು ನೆಲ ಬಿಡುತ್ತದೆ. ಎಂಜಿನ್ನನ್ನು ನೇರ ಮೇಲಕ್ಕೆ ಎತ್ತಿ, ಗಾಡಿಯನ್ನು ಹಿಂದಕ್ಕೆ ತಳ್ಳಿ ಹೊರಗೆ ತೆಗೆಯಿರಿ. ನಂತರ ಎಂಜಿನ್ ಇದ್ದಲ್ಲೇ ಕೆಳಗಿಳಿಯಲಿ. ಹಾಗಾಗಿ ನಾಲ್ಕೂ ಚಕ್ರ ನೆಲದ ಮೇಲಿರಬೇಕು, ಹಿಂದೆ ಆರೇಳು ಅಡಿ ಖಾಲಿ ಜಾಗ ಬೇಕು, ಗಾಡಿ ಉರುಳಲು ಮುಂದಿನ ಕಾಲುಗಳ ನಡುವೆ ಅಗಲವೂ ಬೇಕು. ಇದನ್ನು ಮೊದಲೇ ಅಳೆದುಕೊಳ್ಳಿ. ಗಾಡಿಯನ್ನು ತಳ್ಳುವವರಲ್ಲಿ ಒಬ್ಬರು ಹ್ಯಾಂಡ್‌ಬ್ರೇಕ್ ಬಳಿಯೇ ಇರಲಿ.

"2 ಟನ್ ಕ್ರೇನ್ ಬಾಡಿಗೆಗೆ ತಂದಿದ್ದೇನೆ. 200 ಕೆಜಿಗೆ ಯೋಚನೆನೇ ಇಲ್ಲ ಅಲ್ವಾ?"

ಆ 2 ಟನ್ ಎಂಬ ಮಾತು ತೋಳು ಪೂರ್ತಿ ಒಳಗಿದ್ದಾಗಿನದು. ಮಡಚುವ ಗ್ಯಾರೇಜ್ ಕ್ರೇನುಗಳ ತೋಳಿನಲ್ಲಿ ಪಿನ್ ಹಾಕುವ ನಾಲ್ಕು ತೂತುಗಳಿರುತ್ತವೆ. ತೋಳು ಚಾಚಿದಂತೆ ಅದರ ಶಕ್ತಿ 2 ಟನ್ನಿನಿಂದ ಒಂದೂವರೆ, ಒಂದು, ಕೊನೆಗೆ ಅರ್ಧ ಟನ್ನಿಗೆ ಇಳಿಯುತ್ತದೆ. ಅಂಬಾಸಿಡರಿನ ಮೂತಿ ಉದ್ದ, ಎಂಜಿನ್ ಕೂತಿರುವುದು ಆ ಮೂತಿಯ ಒಳಗೆ ಹಿಂದಕ್ಕೆ. ಹಾಗಾಗಿ ನೀವು ಬಳಸುವುದು ಹೆಚ್ಚಾಗಿ ಕೊನೆಯ ತೂತನ್ನೇ. ಅರ್ಧ ಟನ್ ಆದರೂ ಸಾಕು, ಆದರೆ ಕಾಲುಗಳನ್ನು ಪೂರ್ತಿ ಬಿಡಿಸಿ ಪಿನ್ ಹಾಕಿರಬೇಕು. ಎಂಜಿನ್ ಹೊರಬಂದ ಕೂಡಲೇ ಅದನ್ನು ನೆಲದಿಂದ ಗೇಣುದ್ದಕ್ಕೆ ಇಳಿಸಿ, ಆಮೇಲೆ ಕ್ರೇನ್ ಉರುಳಿಸಿ. ಎತ್ತರದಲ್ಲಿಟ್ಟು ಉರುಳಿಸಿದರೆ ಚಕ್ರಕ್ಕೆ ಒಂದು ಸಣ್ಣ ಜಲ್ಲಿಕಲ್ಲು ಸಿಕ್ಕರೂ ಪೂರ್ತಿ ಬುಡಮೇಲು.

ರಾತ್ರಿಯಿಡೀ ಕ್ರೇನಿನಲ್ಲಿ ಎಂಜಿನ್ ತೂಗುಬಿಡಬೇಡಿ. ಸೀಲು ಹಳೆಯದಾಗಿದ್ದರೆ ಹೈಡ್ರಾಲಿಕ್ ತೋಳು ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ.

"ಹಗ್ಗ ಸಾಕಾ, ಚೈನೇ ಬೇಕಾ? ಎಲ್ಲಿಗೆ ಕಟ್ಟಬೇಕು?"

ತೂಕದ ಮಿತಿ ಬರೆದ ಚೀಟಿ ಹೊಲಿದಿರುವ ಪಟ್ಟಿ ಅಥವಾ ಭಾರ ಎತ್ತಲೆಂದೇ ಮಾಡಿದ ಚೈನ್ ಬೇಕು. ಬಾವಿಯ ಹಗ್ಗ, ನೈಲಾನ್ ಹಗ್ಗ ಬೇಡ. ಗಂಟು ಹಾಕಿದಲ್ಲಿ ಹಗ್ಗದ ಬಲ ಇಳಿಯುತ್ತದೆ. ಪಟ್ಟಿಯಾದರೆ ಅದು ಎರಕದ ಚೂಪು ಅಂಚಿಗೆ ತಾಗುವಲ್ಲೆಲ್ಲ ಹಳೆಯ ಟ್ಯೂಬಿನ ತುಂಡು ಇಡಿ.

ಕಟ್ಟುವುದು ಬ್ಲಾಕಿಗೆ ಇಲ್ಲವೇ ಹೆಡ್ಡಿಗೆ ಬೋಲ್ಟಾಗುವ ದಪ್ಪ ಉಕ್ಕಿನ ಕಿವಿಗಳಿಗೆ, ಮುಂದೊಂದು, ಹಿಂದೊಂದು, ಎದುರುಬದುರು ಮೂಲೆಗಳಲ್ಲಿ. ಮ್ಯಾನಿಫೋಲ್ಡ್, ಡೈನಮೋ ಬ್ರ್ಯಾಕೆಟ್, ವಾಟರ್ ಪಂಪ್, ಇವು ಯಾವುವೂ ಭಾರ ಹೊರಲು ಮಾಡಿದ ಭಾಗಗಳಲ್ಲ. ತಲೆಯಲ್ಲಿ ಬಳೆಯಿರುವ ಐ ಬೋಲ್ಟುಗಳನ್ನು ನೇರ ಎಳೆತಕ್ಕೆ ಮಾತ್ರ ಬಳಸಿ, ಓರೆಯಾಗಿ ಎಳೆದರೆ ಕುತ್ತಿಗೆಯಲ್ಲಿ ಬಾಗಿ ಮುರಿಯುತ್ತವೆ.

"ಚೈನ್ ಗಿಡ್ಡ ಇದ್ದರೆ ಒಳ್ಳೇದೇ ಅಲ್ವಾ, ಎತ್ತರ ಉಳಿಯುತ್ತೆ?"

ಎತ್ತರ ಉಳಿಯುತ್ತದೆ, ಆದರೆ ಚೈನಿನ ಮೇಲಿನ ಸೆಳೆತ ಏರುತ್ತದೆ. 200 ಕೆಜಿ ಎಂಜಿನ್ನನ್ನು ಎರಡು ಎಳೆಯಲ್ಲಿ ಎತ್ತಿದ್ದೀರಿ ಎನ್ನಿ. ಎರಡೂ ನೆಟ್ಟಗೆ ನಿಂತಿದ್ದರೆ ಒಂದೊಂದಕ್ಕೂ 100 ಕೆಜಿ. ಮೇಲಿನ ಕೊಕ್ಕೆಯಲ್ಲಿ ಎರಡು ಎಳೆಗಳ ನಡುವಿನ ಕೋನ 60 ಡಿಗ್ರಿಯಾದರೆ ಸುಮಾರು 115 ಕೆಜಿ. 90 ಆದರೆ 141. 120 ಆದರೆ ಒಂದೊಂದು ಎಳೆಯೂ ಪೂರ್ತಿ 200 ಕೆಜಿ ಹೊರುತ್ತದೆ, ಜೊತೆಗೆ ಕಿವಿಗಳನ್ನು ಒಳಕ್ಕೆ ಎಳೆದು ಬಗ್ಗಿಸುತ್ತದೆ. 60 ಡಿಗ್ರಿ ದಾಟಬೇಡಿ. ಕೊಕ್ಕೆಯೂ ಎರಡು ಕಿವಿಗಳೂ ಸೇರಿ ಸಮಬಾಹು ತ್ರಿಕೋನದಂತೆ ಕಂಡರೆ ಅದು 60.

"ಚೈನ್ ಬಿಗಿಯಾಯ್ತು, ಆದರೆ ಎಂಜಿನ್ ಏಳ್ತಾ ಇಲ್ಲ, ಗಾಡಿನೇ ಏಳ್ತಿದೆ!"

ಮೂತಿ ಸ್ವಲ್ಪ ಏಳುವುದು ಸಹಜ. ಅಂಬಾಸಿಡರಿನ ಮುಂದಿನ ಚಕ್ರಗಳ ಸ್ಪ್ರಿಂಗುಗಳಾದ ಟಾರ್ಷನ್ ಬಾರ್‌ಗಳು ಎಂಜಿನ್ನಿನ ಭಾರಕ್ಕೆ ತಿರುಚಿಕೊಂಡಿರುತ್ತವೆ, ಭಾರ ಇಳಿದಂತೆ ಗಾಡಿಯನ್ನು ಮೇಲಕ್ಕೆ ದೂಡುತ್ತವೆ. ನೋಡಬೇಕಾದ್ದು ಫೌಂಡೇಶನ್ ರಬ್ಬರನ್ನು. ಅಲ್ಲಿ ಸಂದು ಬಿಡುತ್ತಿಲ್ಲವೆಂದರೆ ಎಲ್ಲೋ ಏನೋ ಹಿಡಿದುಕೊಂಡಿದೆ. ನಿಲ್ಲಿಸಿ, ಚೈನ್ ಸಡಿಲಿಸಿ, ಹುಡುಕಿ. ಬೆಲ್‌ಹೌಸಿಂಗಿನ (ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರುವ ಕವಚದ) ತಲೆಯ ಮೇಲಿನ ಬೋಲ್ಟು, ಸೈಲೆನ್ಸರ್ ಪೈಪು, ಅರ್ಥಿಂಗ್ ಪಟ್ಟಿ, ಆಕ್ಸಿಲರೇಟರ್ ಕೇಬಲ್ಲು ಮರೆತುಹೋಗುವುದು ಹೆಚ್ಚು. ಜೋರಾಗಿ ಎಳೆದರೆ ಹಿಡಿದದ್ದು ಒಮ್ಮೆಗೇ ಬಿಟ್ಟು ಎಂಜಿನ್ ಜೀಕಿ ರೇಡಿಯೇಟರ್ ಪ್ಯಾನಲ್ಲಿಗೋ ನಿಮ್ಮ ಮುಖಕ್ಕೋ ಬರುತ್ತದೆ.

"ಗೇರ್‌ಬಾಕ್ಸ್ ಗಾಡಿಯಲ್ಲೇ ಬಿಟ್ಟು ಎಂಜಿನ್ ಮಾತ್ರ ತೆಗೆಯಬಹುದಾ?"

ತೆಗೆಯಬಹುದು, ಭಾರ ಕಡಿಮೆ. ಆದರೆ ಬೋಲ್ಟು ಬಿಚ್ಚುವ ಮೊದಲೇ ಗೇರ್‌ಬಾಕ್ಸಿನ ಮುಂಭಾಗಕ್ಕೆ ಜ್ಯಾಕ್ ಕೊಡಿ. ಎಂಜಿನ್ ಮುಂದಕ್ಕೆ ಸರಿಯುವಾಗ ಎರಡೂ ಒಂದೇ ನೇರದಲ್ಲಿರಬೇಕು. ಎಂಜಿನ್ನಿನ ಹಿಂಭಾಗ ಕುಸಿದರೆ ಅದರ ಭಾರವೆಲ್ಲ ಗೇರ್‌ಬಾಕ್ಸಿನಿಂದ ಚಾಚಿದ ತೆಳು ಶಾಫ್ಟಿನ ಮೇಲೆ ಕೂರುತ್ತದೆ, ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ. ಹೊಸ ಪ್ಲೇಟ್ ಹಾಕಿಯೂ ಕ್ಲಚ್ ನಡುಗುತ್ತದೆ ಎಂಬ ದೂರಿನ ಹಿಂದೆ ಇದೂ ಒಂದು ಕಾರಣ.

## ನಿಲ್ಲಿಸುವಾಗ

"ಹಳೆ ಲಾರಿ ಟೈರಿನ ಮೇಲೆ ಕೂರಿಸಿಬಿಟ್ಟರೆ ಆಯ್ತಲ್ಲ, ಸ್ಟ್ಯಾಂಡ್ ಯಾಕೆ?"

ಅರ್ಧ ಗಂಟೆಗಾದರೆ ಸರಿ. ಹೊರಗಿನ ನೋಟಕ್ಕೆ ಟೈರು ಭದ್ರ, ಆದರೆ ಭಾರ ಬೀಳುವುದು ಎಂಜಿನ್ನಿನ ಅಡಿಯಲ್ಲಿರುವ ಆಯಿಲ್ ಚೇಂಬರಿನ ಮೇಲೆ. ಅದು ಒತ್ತಿ ಮಾಡಿದ ತಗಡು. ಚೇಂಬರಿನ ತಳಕ್ಕೂ ಆಯಿಲ್ ಪಂಪಿನ ಜಾಲರಿಗೂ ನಡುವೆ ಇರುವ ಸಂದು ಸಣ್ಣದು. ತಳ ಒಳಕ್ಕೆ ಉಬ್ಬಿ ಜಾಲರಿಗೆ ತಾಗಿತೆಂದರೆ ಆಯಿಲ್ ಮೇಲೇರುವ ದಾರಿ ಕಟ್ಟಿಹೋಗುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಹಾಕಿದ ಹೊಸ ಬೇರಿಂಗುಗಳು ಮೊದಲ ಸಲ ಸ್ಟಾರ್ಟ್ ಮಾಡಿದಾಗಲೇ ಸುಡುತ್ತವೆ. ನೆಲದ ಮೇಲೆಯೇ ಇಡಬೇಕೆಂದರೆ ಮರದ ಚೌಕಟ್ಟು ಮಾಡಿ, ಚೇಂಬರ್ ನಡುವೆ ತೂಗುತ್ತಿರಲಿ, ಬ್ಲಾಕಿನ ಎರಡೂ ಬದಿಯ ಅಂಚುಗಳು ಮರದ ಮೇಲೆ ಕೂರಲಿ.

"ಮೂರು ಚಕ್ರದ ಸ್ಟ್ಯಾಂಡ್ ಅಗ್ಗಕ್ಕೆ ಸಿಗ್ತಿದೆ, ತಗೋಬಹುದಾ?"

ಬೇಡ. ಮುಂದೆ ಒಂದೇ ಚಕ್ರ ಇರುವ ಸ್ಟ್ಯಾಂಡು ಪಕ್ಕಕ್ಕೆ ತಳ್ಳಿದರೆ ಸುಲಭವಾಗಿ ವಾಲುತ್ತದೆ. ಬೋಲ್ಟು ಬಿಗಿ ಮಾಡುವಾಗ ನೀವು ಎಳೆಯುವುದು ಪಕ್ಕಕ್ಕೇ. ಮುಂದೆಯೂ ಎರಡು ಚಕ್ರ ಅಗಲಕ್ಕಿರುವುದನ್ನು ಕೊಳ್ಳಿ. ಬೆಂಗಳೂರಿನವರಾದರೆ ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಮಹೀಂದ್ರಾ ಜೀಪಿನ ಪೂಜೋ ಡೀಸೆಲ್ ಎಂಜಿನ್ ಕಟ್ಟುವ ಯೋಚನೆಯೂ ಇದ್ದರೆ ಇನ್ನೂ ಒಂದು ಗಾತ್ರ ದೊಡ್ಡದನ್ನೇ ನೋಡಿ, ಅದು ಇದಕ್ಕಿಂತ ಭಾರಿ.

"ಸ್ಟ್ಯಾಂಡಿಗೆ ಯಾವ ಬೋಲ್ಟ್ ಹಾಕಬೇಕು? ಗೇರ್‌ಬಾಕ್ಸಿನ ಹಳೇ ಬೋಲ್ಟೇ ಸಾಕಾ?"

ಎಂಜಿನ್ನಿನ ಪೂರ್ತಿ ಭಾರ ಹಿಂದಿನ ಮುಖದಲ್ಲಿ, ನಾಲ್ಕು ಬೋಲ್ಟುಗಳಲ್ಲಿ ನೇತಾಡುತ್ತದೆ. ಲೆಕ್ಕ ಮಾಡೋಣ. 150 ಕೆಜಿಯ ಭಾರಕೇಂದ್ರ ಆ ಮುಖದಿಂದ 30 ಸೆಂ.ಮೀ. ಮುಂದಿದೆ, ಮೇಲಿನ ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಮೇಲಿನ ಎರಡು ಬೋಲ್ಟುಗಳ ಮೇಲಿನ ಸೆಳೆತ 225 ಕೆಜಿ. ತಲೆಯ ಮೇಲೆ 8.8 ಎಂದು ಗುರುತಿರುವ 10 ಮಿ.ಮೀ. ಬೋಲ್ಟೊಂದು ನೇರ ಸೆಳೆತದಲ್ಲಿ 3 ಟನ್ನಿಗೂ ಹೆಚ್ಚು ತಡೆಯುತ್ತದೆ. ಹಾಗಾದರೆ ಭಯ ಯಾಕೆ? ಬೋಲ್ಟು ತುಂಡಾಗುವುದು ಸೆಳೆತಕ್ಕಲ್ಲ, ಬಾಗುವುದರಿಂದ. ಸ್ಟ್ಯಾಂಡಿನ ತೋಳಿಗೂ ಬ್ಲಾಕಿಗೂ ನಡುವೆ ಉದ್ದದ ಪೈಪ್ ತುಂಡು ಕೊಟ್ಟು, ಅದರ ತುದಿಯನ್ನು ಹ್ಯಾಕ್ಸಾದಲ್ಲಿ ಓರೆಯಾಗಿ ಕೊಯ್ದಿದ್ದರೆ ಪೈಪು ಒಂದು ಅಂಚಿಗೆ ಮಾತ್ರ ತಾಗುತ್ತದೆ, ಬೋಲ್ಟು ಬಾಗುತ್ತದೆ. ಲೇತ್‌ನಲ್ಲಿ ಮುಖ ನೇರ ಮಾಡಿಸಿ, ಪೈಪನ್ನು ಆದಷ್ಟು ಗಿಡ್ಡವಾಗಿಡಿ.

ಎರಡನೆಯದು ಥ್ರೆಡ್. ಬಿಎಂಸಿ ಎಂಜಿನ್ನಿನದು ಇಂಚಿನ ಥ್ರೆಡ್, ಆಮೇಲೆ ಬಂದ ಇಸುಜು ಎಂಜಿನ್ನಿನದು ಮಿಲಿಮೀಟರಿನದು. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಬೋಲ್ಟು ತನ್ನ ದಪ್ಪದ ಒಂದೂವರೆ ಪಟ್ಟಾದರೂ ಒಳಗೆ ಹೋಗಬೇಕು. ಇಂಚಿಗೆ 24 ಥ್ರೆಡ್ಡಿನ 3/8 ಇಂಚು ಬೋಲ್ಟಾದರೆ ಕೈಯಲ್ಲೇ ಹದಿಮೂರು ಹದಿನಾಲ್ಕು ಸುತ್ತು ತಿರುಗಬೇಕು. ನಾಲ್ಕೈದು ಸುತ್ತಿಗೆ ಬಿಗಿಯಾದರೆ ಬೋಲ್ಟು ಗಿಡ್ಡ ಅಥವಾ ತೂತಿನಲ್ಲಿ ಕೊಳೆ ತುಂಬಿದೆ. ಗೇರ್‌ಬಾಕ್ಸಿನ ಹಳೆಯ ಬೋಲ್ಟುಗಳು ತೋಳಿನ ದಪ್ಪಕ್ಕೆ ಸಾಲದೆ ಗಿಡ್ಡವಾಗುವುದೇ ಹೆಚ್ಚು.

ಎಂಜಿನ್ನಿನ ಹಿಂದಿರುವ, ಗೇರ್‌ಬಾಕ್ಸ್ ಕೂರುವ ಉಕ್ಕಿನ ಪ್ಲೇಟಿನ ಅಂಚಿಗೆ ಮಾತ್ರ ಬೋಲ್ಟು ಹಾಕಿ ನಿಲ್ಲಿಸುವವರಿದ್ದಾರೆ. ಪೂರ್ತಿ ಬಿಚ್ಚುವಾಗ ಆ ಪ್ಲೇಟನ್ನೂ ತೆಗೆಯಬೇಕಲ್ಲ? ಬ್ಲಾಕಿನ ತೂತುಗಳಿಗೇ ನೇರವಾಗಿ ಹಾಕಿ.

"ಫ್ಲೈವೀಲ್ ಯಾವಾಗ ತೆಗೆಯೋದು?"

ಸ್ಟ್ಯಾಂಡಿಗೆ ಹಾಕುವ ಮೊದಲು, ಎಂಜಿನ್ ಇನ್ನೂ ಚೈನಿನಲ್ಲಿದ್ದು ಚೇಂಬರ್ ಮರದ ಚೌಕಟ್ಟಿನೊಳಗೆ ಇಳಿದು ಬ್ಲಾಕು ಕೂತಿರುವಾಗ. ಕ್ರ್ಯಾಂಕಿನ ಹಿಂತುದಿಗೆ ಕೂರುವ ಈ ದಪ್ಪ ಚಕ್ರವೇ ಒಂದು ಭಾರ. ಕೊನೆಯ ಬೋಲ್ಟು ಬಿಚ್ಚುವಾಗ ಕೆಳಗೆ ಕಾಲು ಇರದಂತೆ ನೋಡಿಕೊಳ್ಳಿ.

"ಸ್ಟ್ಯಾಂಡಿನ ಪಿನ್ ತೆಗೆದ ತಕ್ಷಣ ಎಂಜಿನ್ ತಾನೇ ಗಿರ್ರನೆ ತಿರುಗಿಬಿಡ್ತು. ಯಾಕೆ?"

ಸ್ಟ್ಯಾಂಡಿನ ತಿರುಗುವ ಅಚ್ಚು ಎಂಜಿನ್ನಿನ ಭಾರಕೇಂದ್ರದಲ್ಲಿ ಇಲ್ಲದ್ದರಿಂದ. ಹೆಡ್ ಇರುವ ಎಂಜಿನ್ನಿನಲ್ಲಿ ಆ ಕೇಂದ್ರ ಕ್ರ್ಯಾಂಕಿಗಿಂತ ಸ್ವಲ್ಪ ಮೇಲಿರುತ್ತದೆ, ಅಚ್ಚನ್ನೂ ಅಷ್ಟೇ ಮೇಲೆ ಹೊಂದಿಸಬೇಕು. ಹೆಡ್ ತೆಗೆದರೆ ಕೇಂದ್ರ ಕೆಳಗಿಳಿಯುತ್ತದೆ, ಕ್ರ್ಯಾಂಕ್ ತೆಗೆದರೆ ಮತ್ತೆ ಮೇಲೇರುತ್ತದೆ. ಅಂದರೆ ಒಂದು ಸಲ ಸರಿದೂಗಿದ್ದು ಕೊನೆಯವರೆಗೂ ಸರಿದೂಗುವುದಿಲ್ಲ. ಪ್ರತಿ ಸಲ ಪಿನ್ ಎಳೆಯುವ ಮುನ್ನ ಹಿಡಿಕೆಗೆ ಉದ್ದನೆಯ ಪೈಪ್ ಸಿಕ್ಕಿಸಿ, ಒಬ್ಬರು ಗಟ್ಟಿಯಾಗಿ ಹಿಡಿದಿರಲಿ, ಇನ್ನೊಬ್ಬರು ಪಿನ್ ತೆಗೆಯಲಿ. ಆಯಿಲ್ ಪೂರ್ತಿ ಇಳಿಸಿದ ಮೇಲೆಯೇ ತಲೆಕೆಳಗು ಮಾಡಿ. ಪುಷ್‌ರಾಡ್ ಮತ್ತು ಟ್ಯಾಪೆಟ್‌ಗಳನ್ನು ಮೊದಲೇ ತೆಗೆದು ಒಂದೊಂದಕ್ಕೂ ನಂಬರ್ ಬರೆದಿಡಿ, ಇಲ್ಲದಿದ್ದರೆ ತಿರುಗಿಸುವಾಗ ಜಾರಿ ಬೆರಕೆಯಾಗುತ್ತವೆ.

"ಸಿಲಿಂಡರ್ ಬೋರಿಂಗ್ ಅಂಗಡಿಯವರು ತಿಂಗಳು ಕಾಯಿಸ್ತಾರೆ. ಅಲ್ಲಿವರೆಗೂ ಸ್ಟ್ಯಾಂಡ್ ಮೇಲೇ ಇರಲಾ?"

ಇರಲಿ, ಆದರೆ ಎಂಜಿನ್ನಿನ ಮುಂಭಾಗದ ಕೆಳಗೆ ಮರದ ತುಂಡು ಪೇರಿಸಿ ತುಸು ಆಸರೆ ಕೊಡಿ. ಮನೆಯಲ್ಲಿ ಮಕ್ಕಳಿದ್ದರೆ ಹಿಡಿಕೆ ಕಳಚಿ ಒಳಗಿಡಿ. ತಿರುಗುವ ಹಿಡಿಕೆ ಕಂಡರೆ ಮಕ್ಕಳು ಸುಮ್ಮನಿರುವುದಿಲ್ಲ. ಕರಾವಳಿ, ಮಲೆನಾಡಿನ ಮಳೆಗಾಲವಾದರೆ ಬೋರುಗಳಿಗೆ ಆಯಿಲ್ ಸವರಿ, ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಹೊರತೆಗೆದ ಕ್ರ್ಯಾಂಕನ್ನು ನೆಟ್ಟಗೆ ನಿಲ್ಲಿಸಿ, ಬೀಳದಂತೆ ಗೋಡೆಗೆ ಕಟ್ಟಿಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

"ವೆಲ್ಡಿಂಗ್ ಅಂಗಡಿಯಲ್ಲಿ ನಾನೇ ಗ್ಯಾಂಟ್ರಿ ಮಾಡಿಸಿದ್ದೇನೆ. ಗಟ್ಟಿ ಇದೆ ಅಂತ ಹೇಗೆ ಗೊತ್ತಾಗುತ್ತೆ?"

ಗ್ಯಾಂಟ್ರಿ ಎಂದರೆ ಕಾಲುಗಳ ಮೇಲೆ ಅಡ್ಡ ತೊಲೆ ಇರುವ ಚೌಕಟ್ಟು. ಅದರ ಗಟ್ಟಿತನ ಗೊತ್ತಾಗುವುದು ಸಿಮೆಂಟ್ ಮೂಟೆಯಿಂದ. ಒಂದು ಮೂಟೆ 50 ಕೆಜಿ. 200 ಕೆಜಿ ಎತ್ತುವುದಿದ್ದರೆ ಆರು ಮೂಟೆ, ಅಂದರೆ 300 ಕೆಜಿ ತೂಗಿ ನೋಡಿ. ಮೊದಲು ತೊಲೆಯ ಎರಡು ತುದಿಗೆ ದಾರ ಬಿಗಿದು ನಡುವೆ ಗುರುತು ಮಾಡಿ. ಮೂಟೆಗಳನ್ನು ನೆಲದಿಂದ ಎರಡು ಇಂಚು ಮಾತ್ರ ಎತ್ತಿ, ಒಂದು ರಾತ್ರಿ ಬಿಡಿ, ಅಡಿಯಲ್ಲಿ ಯಾರೂ ಹೋಗದಿರಲಿ. ಬೆಳಿಗ್ಗೆ ಭಾರ ಇಳಿಸಿದ ಮೇಲೆ ತೊಲೆ ದಾರದ ಗುರುತಿಗೆ ಮರಳಬೇಕು. ಮರಳದೆ ಬಾಗಿಯೇ ಉಳಿದರೆ ಆ ತೊಲೆ ಕೆಲಸಕ್ಕೆ ಬಾರದು. ವೆಲ್ಡಿಂಗ್ ಜಾಗದಲ್ಲಿ ಬಣ್ಣ ಬಿರಿದು ಸಣ್ಣ ಗೆರೆ ಕಂಡರೂ ಅಷ್ಟೇ. ಕಾಲು ಮತ್ತು ತೊಲೆ ಸೇರುವ ಮೂಲೆಗಳಲ್ಲಿ ಓರೆ ಆಧಾರ ಇಲ್ಲದ ಗ್ಯಾಂಟ್ರಿ ನೇರ ಭಾರಕ್ಕೆ ನಿಂತರೂ ಪಕ್ಕದಿಂದ ತಳ್ಳಿದರೆ ಮಡಚಿಕೊಳ್ಳುತ್ತದೆ, ಅದನ್ನು ಮೊದಲು ಹಾಕಿಸಿ.

"ಎಂಜಿನ್ ಕೆಳಗಿಳಿಸದೆ ಗೇರ್‌ಬಾಕ್ಸ್ ಅಥವಾ ಫೌಂಡೇಶನ್ ಮಾತ್ರ ಬದಲಿಸೋದಾದರೆ?"

ಎರಡು ಮಡ್‌ಗಾರ್ಡುಗಳ ಒಳಗಿನ ಗಟ್ಟಿ ಅಂಚಿನ ಮೇಲೆ ಅಡ್ಡ ಕಂಬಿ ಕೂರಿಸಿ, ಅದರಿಂದ ಎಂಜಿನ್ನನ್ನು ಕೊಕ್ಕೆ ಬೋಲ್ಟಿನಲ್ಲಿ ತೂಗುಹಾಕುವುದೇ ಒಳ್ಳೆಯ ವಿಧಾನ. ಕಂಬಿಯ ಕಾಲು ಹೊರಗಿನ ತಗಡಿನ ಮೇಲೆ ಕೂತರೆ ತಗಡು ಕುಗ್ಗುತ್ತದೆ, ಒಳ ಅಂಚನ್ನೇ ಹುಡುಕಿ. ಕೆಳಗಿನಿಂದ ಜ್ಯಾಕ್ ಕೊಡುವುದೇ ಆದರೆ ಚೇಂಬರಿನ ಅಗಲಕ್ಕೂ ಹಲಗೆ ಇಟ್ಟು, ಅಲುಗಾಡದಷ್ಟು ಮಾತ್ರ ಮುಟ್ಟಿಸಿ, ಎತ್ತಬೇಡಿ.

"ಕಟ್ಟಿದ ಮೇಲೆ ಸ್ಟ್ಯಾಂಡಿನಲ್ಲೇ ಒಂದು ಸಲ ಸ್ಟಾರ್ಟ್ ಮಾಡಿ ನೋಡಬಹುದಾ?"

ತಿರುಗುವ ಸ್ಟ್ಯಾಂಡಿನಲ್ಲಿ ಖಂಡಿತ ಬೇಡ. ಆಕ್ಸಿಲರೇಟರ್ ಕೊಟ್ಟ ಕ್ಷಣ ಕ್ರ್ಯಾಂಕ್ ಒಂದು ಕಡೆ ತಿರುಗಿದರೆ ಬ್ಲಾಕು ಎದುರು ದಿಕ್ಕಿಗೆ ಒದೆಯುತ್ತದೆ, ಆ ಒದೆತ ತಡೆಯುವುದು ಒಂದು ಪಿನ್ ಮಾತ್ರ. ಜೊತೆಗೆ ಇಡೀ ಎಂಜಿನ್ ಹಿಂದಿನ ನಾಲ್ಕು ಬೋಲ್ಟಿನಲ್ಲಿ ಕಂಪಿಸುತ್ತದೆ. ಓಡಿಸಿ ನೋಡಬೇಕೆಂದರೆ ಗಾಡಿಯಲ್ಲಿರುವಂತೆಯೇ ಮುಂದೆ ಎರಡು ಫೌಂಡೇಶನ್ ರಬ್ಬರು, ಹಿಂದೆ ಬೆಲ್‌ಹೌಸಿಂಗಿಗೆ ಆಧಾರ, ರೇಡಿಯೇಟರ್ ಇರುವ ಚೌಕಟ್ಟನ್ನು ನೆಲಕ್ಕೆ ಬೋಲ್ಟು ಹಾಕಿ ಕಟ್ಟಬೇಕು. ಒಂದೇ ಎಂಜಿನ್ನಿಗಾಗಿ ಅಷ್ಟು ಮಾಡುವುದಕ್ಕಿಂತ ಗಾಡಿಗೇ ಇಳಿಸಿ ಸ್ಟಾರ್ಟ್ ಮಾಡುವುದು ಸುಲಭ. ಪ್ಲಗ್‌ಗಳನ್ನು ತೆಗೆದು ಸೆಲ್ಫಿನಿಂದ ತಿರುಗಿಸಿ, ಆಯಿಲ್ ಪ್ರೆಶರ್ ಏರಿದ್ದನ್ನು ಕಂಡ ಮೇಲೆ ಪ್ಲಗ್ ಹಾಕಿ.

"ವಾಪಸ್ ಕೂರಿಸುವಾಗ ಫೌಂಡೇಶನ್ ತೂತು ಕೂಡ್ತಾನೇ ಇಲ್ಲ. ಬೆರಳು ಹಾಕಿ ನೋಡ್ಲಾ?"

ಬೆರಳು ಬೇಡ, ಎಂದಿಗೂ. ತುದಿ ಚೂಪಾದ ಕಬ್ಬಿಣದ ಸರಳು ಅಥವಾ ಸ್ಕ್ರೂಡ್ರೈವರ್ ಹಾಕಿ ತೂತುಗಳನ್ನು ಎದುರುಬದುರು ತನ್ನಿ. ಒಂದು ಕಡೆಯ ಬೋಲ್ಟನ್ನು ಬಿಗಿಯದೆ ಸಡಿಲವಾಗಿ ಹಾಕಿ, ಚೈನನ್ನು ಒಂದೊಂದೇ ಕೊಂಡಿ ಇಳಿಸುತ್ತಾ ಇನ್ನೊಂದನ್ನು ಕೂಡಿಸಿ. ಎಲ್ಲ ಫೌಂಡೇಶನ್ ಬೋಲ್ಟುಗಳೂ ನಟ್ಟು ಸಮೇತ ಬಿಗಿಯಾಗಿ, ಗೇರ್‌ಬಾಕ್ಸಿನ ಆಧಾರವೂ ಕೂತ ಮೇಲೆಯೇ ಚೈನಿನ ಕೊಕ್ಕೆ ಬಿಡಿಸಿ.